ಬಸವನಗುಡಿಯ ಪೂರ್ವೋತ್ತರ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ‘ಸೌತ್ ಎಂಡ್’ ಎಂದು ಒಂದು ವೃತ್ತವುಂಟು. ದಿನವೂ ಸಾವಿರಾರು ಮಂದಿ ಅದನ್ನು ಹಾದುಹೋಗುತ್ತಾರೆ. ಹೆಸರಿನ ಅರ್ಥವನ್ನು ನಿಂತು ಯೋಚಿಸುವವರು ಹತ್ತು ಮಂದಿ ಇದ್ದಾರೋ ಇಲ್ಲವೋ. ದಕ್ಷಿಣದ ಕೊನೆ ಎಂಬುದೇ ಅದರ ಅರ್ಥ. ಈಗ ಆ ಕೊನೆಯಿಂದ ಮುಂದಕ್ಕೆ ಹರದಾರಿಗಟ್ಟಲೆ ಊರೇ ಊರು. ಆದರೆ 1948ರ ಆಗಸ್ಟ್ ತಿಂಗಳಿನಲ್ಲಿ ಶ್ರೀ ಚಕ್ರವರ್ತಿ ರಾಜಗೋಪಾಲಾಚಾರ್ಯರು ಗವರ್ನರ್ ಜನರಲ್ ಪದವಿಯಲ್ಲಿದ್ದಾಗ ಜಯನಗರಕ್ಕೆ ಶಂಕುಸ್ಥಾಪನೆ ಮಾಡುವವರೆಗೆ, ಆ ಹೆಸರು ಬಹುಮಟ್ಟಿಗೆ ನಿಜವನ್ನೇ ಹೇಳುತ್ತಿತ್ತು. ಆ ಎಲ್ಲೆಯ ಒಳಬದಿಯಲ್ಲಿ ಇದ್ದದ್ದು ಬಸವನಗುಡಿ.

ರಾಜವಂಶಗಳ ಚರಿತ್ರೆಯನ್ನು ಬರೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ಬಡಾವಣೆಯ ಚರಿತ್ರೆಯನ್ನು ಬರೆಯುವವರು ಕಡಮೆ. ನಾಲ್ಕು ರಸ್ತೆ, ಎರಡು ದೇವಸ್ಥಾನ, ಒಂದು ಪೇಟೆಬೀದಿ, ಇದಕ್ಕೇನು ಚರಿತ್ರೆ ಎಂದು ಕೇಳುವವರೂ ಉಂಟು. ಬಸವನಗುಡಿಯ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ದೊಡ್ಡವರು ಬಾಳಿದ ಊರೆಂಬ ಅದರ ಕೀರ್ತಿಯೇ ಅದರ ಕಥೆಯನ್ನು ಮರೆಸಿಬಿಟ್ಟಿದೆ. ಮಣ್ಣಿನ ಗುಣದಿಂದಲೋ ಎಂಬಂತೆ ಅಲ್ಲಿ ವಿದ್ವಾಂಸರೂ ಸಾಹಿತಿಗಳೂ ಹುಟ್ಟಿಕೊಂಡರೆಂದು ನಾವು ಮಾತನಾಡುತ್ತೇವೆ. ನಡೆದದ್ದು ಹಾಗಲ್ಲ. ರಸ್ತೆಗಳನ್ನು ಸರ್ಕಾರ ಹಾಕಿತು. ಹಾಕಿದ್ದಕ್ಕೆ ಪ್ರಬಲವಾದ ಕಾರಣ ಭಯ. ಆ ರಸ್ತೆಗಳಿಗೆ ಮರ್ಯಾದೆ ತಂದದ್ದು ಮಾತ್ರ ಸರ್ಕಾರವಲ್ಲ, ಅಲ್ಲಿಗೆ ಬಂದು ನೆಲೆಸಿದ ಜನ, ಅದರಲ್ಲಿಯೂ ಬಹುಪಾಲು ಕೈಯಲ್ಲಿ ಹಣವಿಲ್ಲದ ಜನ. ಈ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ನೋಡುವುದು ಈಗ ಅಗತ್ಯವಾಗಿದೆ. ಏಕೆಂದರೆ ಅಲ್ಲಿಯ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ.

ಬಡಾವಣೆ ಹುಟ್ಟುವುದಕ್ಕೆ ಬಹಳ ಮುಂಚೆಯೇ ಬಸವಣ್ಣನಿದ್ದ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮುಂತಾದ ಹಳ್ಳಿಗಳ ಹೊಲಗಳ ನಡುವೆ ಒಂದು ಕಲ್ಲುಗುಡ್ಡ. ಅದರ ಮೇಲೆ ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಗುಡಿ. ಗುಡಿಯೊಳಗೆ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದದ ಏಕಶಿಲೆಯ ನಂದಿ. ಕೆಳಗಡೆ ದೊಡ್ಡ ಗಣಪತಿ. ಪಶ್ಚಿಮಕ್ಕೆ ಗವಿ ಗಂಗಾಧರೇಶ್ವರ. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ನೋಡಲು ಇಂದಿಗೂ ಜನ ನೆರೆಯುತ್ತಾರೆ. ಕೆಂಪಾಂಬುಧಿ ಕೆರೆಯ ಬಳಿ ಕೆಂಪೇಗೌಡರ ಮನೆತನದ ಗಡಿಗೋಪುರಗಳಲ್ಲೊಂದು. ಊರು ಇಷ್ಟೇ ಬೆಳೆಯಲಿ ಎಂದು ನಿಲ್ಲಿಸಿದ ಗೋಪುರವೆಂದು ಐತಿಹ್ಯ. ಗೋಪುರವೂ ಸೋತಿತು, ಸೌತ್ ಎಂಡೂ ಸೋತಿತು. ಬೆಂಗಳೂರಿಗೆ ಎಲ್ಲೆ ಹಾಕಿದವರಲ್ಲಿ ಗೆದ್ದವರನ್ನು ನಾವು ಕಾಣೆವು.

ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯ ಕಥೆ ಎಲ್ಲರಿಗೂ ತಿಳಿದದ್ದೇ. ರಾತ್ರಿಯ ಹೊತ್ತು ಹೊಲಕ್ಕೆ ನುಗ್ಗಿ ಬೆಳೆ ಮೇಯುತ್ತಿದ್ದ ಬಸವನನ್ನು ಸಮಾಧಾನಪಡಿಸಲು ರೈತರು ಮೊದಲ ಫಸಲನ್ನು ಒಪ್ಪಿಸತೊಡಗಿದರಂತೆ. ಇಲ್ಲಿ ಒಂದು ಮಾತು. ಕಡಲೆಕಾಯಿ ಅಮೆರಿಕ ಖಂಡದಿಂದ ಬಂದ ಪೈರು. ಪೋರ್ಚುಗೀಸರು ಈ ಕಡೆಗೆ ಬಂದ ಮೇಲೆ ನಮ್ಮ ನೆಲವನ್ನು ಕಂಡದ್ದು. ಆದ್ದರಿಂದ ಕಥೆ ಗುಡಿಯಷ್ಟು ಹಳೆಯದಿರಲಾರದು. ಹೊಸ ಬೆಳೆಯನ್ನು ತಂದು ಹಳೆಯ ದೇವರ ಪಾದಕ್ಕೆ ಒಪ್ಪಿಸಿದ ರೈತನ ಜಾಣತನವನ್ನು ಮೆಚ್ಚಬೇಕಾದದ್ದೇ. ಅದಿರಲಿ, ಈ ಗುಡ್ಡದ ತಪ್ಪಲಲ್ಲಿ ವೃಷಭಾವತಿಯೆಂಬ ಹೊಳೆ ಹುಟ್ಟಿತು. ಬಸವನ ಪಾದದಿಂದ ಹೊರಟದ್ದರಿಂದ ಅದಕ್ಕೆ ಆ ಹೆಸರು. ಅದು ಕೆಂಗೇರಿಯ ಕಡೆಗೆ ಹರಿದು ಅರ್ಕಾವತಿಯನ್ನು ಸೇರಿ, ಆ ಮೂಲಕ ಕಾವೇರಿಯನ್ನು ಸೇರುತ್ತದೆ. ಅದರ ಈಗಿನ ಸ್ಥಿತಿಯನ್ನು ಮುಂದೆ ಹೇಳುತ್ತೇವೆ.

ಇನ್ನು ಪ್ಲೇಗಿನ ಕಥೆ. 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಮಹಾಮಾರಿ ರೈಲಿನ ದಾರಿ ಹಿಡಿದು ದಕ್ಷಿಣಕ್ಕೆ ಇಳಿದು, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಬಂದಿತು. ಆಗ ಶ್ರೀ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳಾಗಿ ಆಳುತ್ತಿದ್ದರು, ಸರ್ ಕೆ. ಶೇಷಾದ್ರಿ ಅಯ್ಯರ್ ದಿವಾನರು. ಪೇಟೆಯ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಕೆಳಗೆ ದವಸದ ಅಂಗಡಿ, ಹಿಂದೆ ಉಗ್ರಾಣ, ಮೇಲೆ ಸಂಸಾರ. ಇಲಿಗಳಿಗೆ ಇದಕ್ಕಿಂತ ಒಳ್ಳೆಯ ರಾಜ್ಯ ಬೇಕಿಲ್ಲ. ಇಲಿ ಬಿದ್ದಿತೆಂಬ ಸುದ್ದಿ ಕೇಳಿದರೆ ಮನೆಗೆ ಬೀಗ ಹಾಕಿ, ಪಾತ್ರೆಪಡಗ ಹೊತ್ತು, ಊರಾಚೆಯ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡು ಇರಬೇಕು. ಆ ವರ್ಷದೊಳಗೆ ಸಾವಿರಾರು ಮಂದಿ ಸತ್ತರು. ಬಡಬಗ್ಗರು ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ಅಂತಹ ಮಾರಮ್ಮನ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ. ಸರ್ಕಾರ ಬಡಾವಣೆಗಳನ್ನು ಕಟ್ಟಿತು.

ಚಾಮರಾಜಪೇಟೆ 1892ರಷ್ಟು ಹಿಂದೆಯೇ ಆಗಿತ್ತು. ಬಸವನಗುಡಿ ಮತ್ತು ಮಲ್ಲೇಶ್ವರಗಳ ಯೋಚನೆಯೂ ಪ್ಲೇಗಿಗೆ ಮುಂಚೆಯೇ ಸರ್ಕಾರದ ಕಾಗದಗಳಲ್ಲಿತ್ತು. ಆದರೆ ಕಾಗದದಿಂದ ನೆಲಕ್ಕೆ ಇಳಿಯಲು ಮಾರಿಯೇ ಬರಬೇಕಾಯಿತು. ಪೀಳಿಗೆಗಳಿಂದ ಪೇಟೆಯಲ್ಲಿ ಬೇರೂರಿದವರಿಗೆ, ನರಿ ಕೂಗುವ ಕಲ್ಲುಬಯಲಿಗೆ ಹೋಗಿ ಮನೆ ಕಟ್ಟಿಕೊಳ್ಳಿ ಎಂದರೆ ಯಾರು ಹೋಗುತ್ತಾರೆ? ಪ್ಲೇಗು ಅವರನ್ನು ಕಳುಹಿಸಿತು. ಆಗ ಪ್ಲೇಗ್ ಕಮಿಷನರರಾಗಿ ನೇಮಕಗೊಂಡಿದ್ದವರು ಶ್ರೀ ವಿ. ಪಿ. ಮಾಧವರಾಯರು. ಈ ಎರಡು ಬಡಾವಣೆಗಳ ನಿರ್ಮಾಣದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಅವರದು.

ಅವರು ಹಾಕಿಸಿದ ನಕ್ಷೆಯನ್ನು ಸ್ವಲ್ಪ ಗಮನಿಸಬೇಕು. ನೇರವಾದ ಅಗಲ ರಸ್ತೆ, ರಸ್ತೆಯ ಎರಡು ಪಕ್ಕ ಮರ, ಪ್ರತಿ ನಿವೇಶನಕ್ಕೂ ಸುತ್ತ ಬಯಲು, ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಒಂದು ಕಿರಿದಾದ ಕನ್ಸರ್ವೆನ್ಸಿ ಓಣಿ. ಗಾಳಿ ಬೆಳಕುಗಳಿಲ್ಲದ ಕಡೆ ರೋಗ ಹುಟ್ಟುತ್ತದೆಂಬುದು ಆಗಿನ ಅಧಿಕಾರಿಗಳ ನಂಬಿಕೆ. ಪ್ಲೇಗಿನ ಕ್ರಿಮಿಯನ್ನು 1894ರಲ್ಲಿಯೇ ಹಾಂಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದ. ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ತಗಲುತ್ತದೆಂಬುದನ್ನು, ಬೆಂಗಳೂರಿಗೆ ಪ್ಲೇಗು ಬಂದ ಆ 1898ನೆಯ ಇಸವಿಯಲ್ಲಿಯೇ, ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ. ಅವನ ಮಾತನ್ನು ಲೋಕ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಹೀಗೆ ನಮ್ಮ ಇಂಜಿನಿಯರುಗಳು ಪೂರ್ತಿ ಸರಿಯಲ್ಲದ ತತ್ತ್ವವನ್ನು ನಂಬಿ ಸರಿಯಾದ ಊರನ್ನು ಕಟ್ಟಿದರು. ದವಸದ ಉಗ್ರಾಣವಿಲ್ಲದ, ಒಂದಕ್ಕೊಂದು ತಾಗದ ಮನೆಗಳಲ್ಲಿ ಇಲಿಗೆ ಮೊದಲಿನಷ್ಟು ಆಸರೆ ಇರಲಿಲ್ಲ.

ಆದರೆ ನಕ್ಷೆಯನ್ನು ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಎರಡು ಸಂಗತಿಗಳಿವೆ. ಮೊದಲನೆಯದು: ನಿವೇಶನಗಳನ್ನು ಜಾತಿಮತಗಳ ಪ್ರಕಾರ ವಿಂಗಡಿಸಿ ಹಂಚಿದರು. ಪೇಟೆಯಲ್ಲಿದ್ದ ಬೇಲಿಗಳನ್ನು ಕಿತ್ತು ತಂದು ಬಯಲಿನಲ್ಲಿ ಅಳತೆಯ ಪ್ರಕಾರ ನೆಟ್ಟಂತಾಯಿತು. ಎರಡನೆಯದು: ಆ ಕನ್ಸರ್ವೆನ್ಸಿ ಓಣಿ ಯಾರ ಓಣಿ? ಮನೆಯವರ ಕಣ್ಣಿಗೆ ಬೀಳದಂತೆ, ಹೆಬ್ಬಾಗಿಲಿನ ಕಡೆ ಸುಳಿಯದಂತೆ, ಹಿಂದಿನಿಂದ ಬಂದು ಮಲವನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ ನಮ್ಮ ಸೋದರ ಸೋದರಿಯರ ಓಣಿ ಅದು. ಮುಂದಿನ ರಸ್ತೆಯ ಅಂದವೆಲ್ಲ ಹಿಂದಿನ ಓಣಿಯ ಮೇಲೆ ನಿಂತಿತ್ತು. ಬಸವನಗುಡಿಯ ನೈರ್ಮಲ್ಯವನ್ನು ಕಾಪಾಡಿದವರ ಹೆಸರುಗಳು ನಮ್ಮ ನೆನಪಿನಲ್ಲಿಲ್ಲ. ಹೊಲ ಬಿಟ್ಟುಕೊಟ್ಟ ಸುಂಕೇನಹಳ್ಳಿಯವರ ಹೆಸರುಗಳೂ ಇಲ್ಲ. ದೊಡ್ಡವರ ಹೆಸರುಗಳನ್ನು ಹೇಳುವುದಕ್ಕೆ ಮುಂಚೆ ಇಷ್ಟನ್ನಾದರೂ ಹೇಳುವುದು ನ್ಯಾಯ.

ಮನೆಗಳು ಎದ್ದವು. ಮಂಗಳೂರು ಹೆಂಚಿನ ಮಾಡು, ಕಿಟಕಿಯ ಮೇಲೆ ಮರದ ಪಟ್ಟಿಗಳ ‘ಮಂಕಿ ಟಾಪು’, ಕೆಂಪು ಗಾರೆಯ ನೆಲ, ಮುಂದೆ ಜಗಲಿ, ಹಿಂದೆ ಬಾವಿ, ನಾಲ್ಕು ತೆಂಗಿನ ಮರ, ತುಳಸಿಕಟ್ಟೆ. ಹೆಸರಘಟ್ಟದ ನೀರು ಆ ವೇಳೆಗಾಗಲೇ ಬೆಂಗಳೂರಿಗೆ ಬಂದಿತ್ತು. ಶಿವನಸಮುದ್ರದ ವಿದ್ಯುತ್ತಿನಿಂದ ನಗರದ ಬೀದಿದೀಪಗಳು 1905ರ ಆಗಸ್ಟ್ 5ರಂದು ಬೆಳಗಿದವು. ಸಂಬಳದಾರರು, ವಕೀಲರು, ಪಿಂಚಣಿದಾರರು ಬಂದರು. ಇಷ್ಟರಿಂದಲೇ ಅದೊಂದು ಸುಖವಾಸದ ಬಡಾವಣೆಯಾಗಿ ಉಳಿಯಬಹುದಾಗಿತ್ತು. ಬೆಂಗಳೂರಿನಲ್ಲಿ ಅಂತಹ ಬಡಾವಣೆಗಳು ಬೇಕಾದಷ್ಟಿವೆ. ಅವುಗಳ ಚರಿತ್ರೆಯನ್ನು ಕೇಳುವವರಿಲ್ಲ.

ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನ ತೆರೆಯುತ್ತಿದ್ದಂತೆ ರಾಮಕೃಷ್ಣಾಶ್ರಮ ಬಂದಿತು. 1906ರಲ್ಲಿ ಸ್ವಾಮಿ ಅಭೇದಾನಂದರು ಅದಕ್ಕೆ ಶಂಕುಸ್ಥಾಪನೆ ಮಾಡಿದರು. 1909ರಲ್ಲಿ ಸ್ವಾಮಿ ಬ್ರಹ್ಮಾನಂದರು ಆಶ್ರಮವನ್ನು ಪ್ರಾರಂಭಿಸಿದರು. 1911ರಲ್ಲಿ ಶ್ರೀಮಾತೆ ಶಾರದಾದೇವಿಯವರು ಬೆಂಗಳೂರಿಗೆ ಬಂದು ಅಲ್ಲಿ ತಂಗಿದ್ದರು. ಆಶ್ರಮದ ಹಿಂಬದಿಯ ಬಂಡೆಯ ಮೇಲೆ ಅವರು ಕುಳಿತು ಸೂರ್ಯಾಸ್ತವನ್ನು ನೋಡಿದ ಜಾಗವನ್ನು ಇಂದಿಗೂ ತೋರಿಸುತ್ತಾರೆ. ಬಾಲವಿಧವೆಯರಿಗಾಗಿ ಅಬಲಾಶ್ರಮವು ಅದೇ ಕಾಲದಲ್ಲಿ ನೆಲೆಗೊಂಡಿತು. ಹನ್ನೆರಡು ವರ್ಷದ ಹೆಣ್ಣುಮಗಳ ತಲೆ ಬೋಳಿಸಿ ಕತ್ತಲೆ ಕೋಣೆಗೆ ತಳ್ಳುತ್ತಿದ್ದ ಸಮಾಜದ ಎದುರಿಗೆ, ಅಂತಹವರಿಗೆ ಅಕ್ಷರವನ್ನೂ ಕೈಕಸುಬನ್ನೂ ಕಲಿಸುವ ಮನೆಯನ್ನು, ಆಚಾರವಂತರೇ ಹೆಚ್ಚಾಗಿದ್ದ ಬಡಾವಣೆಯ ನಡುವೆ ನಡೆಸುವುದು ಸಾಮಾನ್ಯವಾದ ಧೈರ್ಯವಲ್ಲ. ಬಸವನಗುಡಿಯ ಹಿರಿಮೆಯನ್ನು ಎಣಿಸುವವರು ಕವಿಗಳಿಂದ ಪ್ರಾರಂಭಿಸುತ್ತಾರೆ. ನಮ್ಮ ಮಟ್ಟಿಗೆ, ಅಬಲಾಶ್ರಮದಿಂದ ಪ್ರಾರಂಭಿಸುವುದು ಮೇಲು.

ಮುಂದೆ 1917. ಹೋಂ ರೂಲ್ ಚಳವಳಿಯ ದೆಸೆಯಿಂದ ಶ್ರೀಮತಿ ಆನಿ ಬೆಸೆಂಟರನ್ನೂ ಅವರ ಜೊತೆಗಾರರಾದ ಅರುಂಡೇಲ್ ಮತ್ತು ಬಿ. ಪಿ. ವಾಡಿಯಾ ಅವರನ್ನೂ ಮದರಾಸು ಸರ್ಕಾರ ಬಂಧನದಲ್ಲಿಟ್ಟ ವರ್ಷ. ದೇಶೀಯ ಶಿಕ್ಷಣದ ಕೂಗಿಗೆ ಓಗೊಟ್ಟು ಅದೇ ವರ್ಷ ನ್ಯಾಷನಲ್ ಹೈಸ್ಕೂಲು ಹುಟ್ಟಿತು. 1936ರಲ್ಲಿ ಮಹಾತ್ಮಾ ಗಾಂಧಿಯವರು ಆ ಶಾಲೆಗೆ ಬಂದಾಗ, ಅವರ ಹಿಂದೀ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದವನು ಅಲ್ಲಿಯ ಒಬ್ಬ ವಿದ್ಯಾರ್ಥಿ. ಗೌರಿಬಿದನೂರು ಕಡೆಯ ಹೊಸೂರೆಂಬ ಹಳ್ಳಿಯ ಬಡ ಕುಟುಂಬದ ಹುಡುಗ. ಓದಬೇಕೆಂಬ ಹಂಬಲದಿಂದ ಆ ದೂರವನ್ನೆಲ್ಲ ಕಾಲ್ನಡಿಗೆಯಲ್ಲಿ ಕ್ರಮಿಸಿ ಬೆಂಗಳೂರಿಗೆ ಬಂದವನು. ಹೆಸರು ನರಸಿಂಹಯ್ಯ.

ಈ ಡಾಕ್ಟರ್ ಎಚ್. ನರಸಿಂಹಯ್ಯನವರ ಬಾಳು ನಮ್ಮ ಪ್ರಸ್ತುತ ವಿಷಯಕ್ಕೆ ಎಷ್ಟು ಹತ್ತಿರವೆಂಬುದನ್ನು ಸ್ವಲ್ಪ ವಿವರಿಸಬೇಕು. ಜಾತಿಯ ಪ್ರಕಾರ ಅಳೆದು ಕೊಟ್ಟ ನಿವೇಶನಗಳಲ್ಲಿ ಇಂತಹ ಹುಡುಗನಿಗೆ ಎಲ್ಲಿಯೂ ಸ್ಥಳವಿರಲಿಲ್ಲ. ಅವನಿಗೆ ಸ್ಥಳ ಕೊಟ್ಟದ್ದು ಶಾಲೆ. 1942ರ ಚಳವಳಿಯಲ್ಲಿ ಅವರು ವ್ಯಾಸಂಗ ಬಿಟ್ಟು ಸೆರೆಮನೆಗೆ ಹೋದರು. ಹೊರಬಂದು ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟು ಪಡೆದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪನೆಯಾಗುವಲ್ಲಿ ಮುಂದಾಗಿ ನಿಂತರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಪವಾಡಗಳನ್ನು ಪರೀಕ್ಷೆಗೆ ಒಡ್ಡಬೇಕೆಂದು 1976ರಲ್ಲಿ ಅವರು ಸಮಿತಿಯನ್ನು ನೇಮಿಸಿದಾಗ ಎದ್ದ ಗದ್ದಲವು ಹಿರಿಯ ವಾಚಕರ ನೆನಪಿನಲ್ಲಿರಬಹುದು. ಮದುವೆಯಾಗಲಿಲ್ಲ. ಸ್ವಂತ ಮನೆ ಮಾಡಲಿಲ್ಲ. ಖಾದಿಯ ಪಂಚೆ ಜುಬ್ಬ ತೊಟ್ಟು, ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ದಶಕಗಳ ಕಾಲ ಇದ್ದು, 2005ರ ಜನವರಿಯಲ್ಲಿ ತೀರಿಕೊಂಡರು. ಬಸವನಗುಡಿಯಲ್ಲಿ ಒಂದಂಗುಲ ನಿವೇಶನವಿಲ್ಲದೆ ಬಸವನಗುಡಿಯ ಅತ್ಯಂತ ಗಣ್ಯ ನಿವಾಸಿಗಳಲ್ಲಿ ಒಬ್ಬರಾದರು.

ಇನ್ನು ಡಿ. ವಿ. ಗುಂಡಪ್ಪನವರು. ಇವರಿಗೂ ಬಡಾವಣೆಯನ್ನು ನಿರ್ಮಿಸಿದ ಮಾಧವರಾಯರಿಗೂ ಒಂದು ವಿಚಿತ್ರವಾದ ನಂಟುಂಟು. ಪ್ಲೇಗ್ ಕಮಿಷನರರಾಗಿ ಹೆಸರು ಪಡೆದ ಮಾಧವರಾಯರು 1906ರಲ್ಲಿ ದಿವಾನರಾದರು; 1908ರಲ್ಲಿ ಅವರ ಕಾಲದಲ್ಲಿಯೇ ಮೈಸೂರು ಸಂಸ್ಥಾನದ ವೃತ್ತಪತ್ರಿಕಾ ಶಾಸನ ಜಾರಿಗೆ ಬಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸಕೂಡದೆಂಬ ಆ ಶಾಸನವನ್ನು ಪ್ರತಿಭಟಿಸಿ ‘ತಾತಯ್ಯ’ ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಜನರ ಉಸಿರಾಟಕ್ಕೆ ಗಾಳಿ ಬೇಕೆಂದು ಅಗಲವಾದ ರಸ್ತೆ ಹಾಕಿಸಿದ ಕೈಯೇ ಜನರ ಮಾತಿಗೆ ಗಾಳಿಯಾಡದಂತೆ ಮಾಡಿತು. ಮುಳುಬಾಗಿಲಿನಿಂದ ಬಂದು ಬೆಂಗಳೂರಿನಲ್ಲಿ ಪತ್ರಿಕೆಯ ಕೆಲಸದಿಂದ ಜೀವನ ಆರಂಭಿಸುತ್ತಿದ್ದ ತರುಣ ಗುಂಡಪ್ಪನವರು ಆ ಕಾಲದವರೇ. 1913ರಲ್ಲಿ ಅವರು ‘ಕರ್ನಾಟಕ’ ಪತ್ರಿಕೆಯನ್ನು ಪ್ರಾರಂಭಿಸಿದರು. 1915ರ ಮೇ ತಿಂಗಳಿನಲ್ಲಿ ಗೋಖಲೆಯವರ ಭಾವಚಿತ್ರವನ್ನು ಅನಾವರಣ ಮಾಡಲು ಗಾಂಧಿಯವರು ಬೆಂಗಳೂರಿಗೆ ಬಂದದ್ದರ ಹಿಂದೆ ಇದ್ದವರಲ್ಲಿ ಇವರೂ ಒಬ್ಬರು. ಮುಂದೆ ನಾಗಸಂದ್ರ ರಸ್ತೆಯ ಮನೆಯಲ್ಲಿ ಬಾಳಿ, ಬಸವನಗುಡಿ ಎಂದರೆ ಗುಂಡಪ್ಪನವರು ಎಂಬಷ್ಟು ಆ ಸ್ಥಳಕ್ಕೆ ಒಂದಾದರು. ಆ ರಸ್ತೆಗೆ ಈಗ ಅವರದೇ ಹೆಸರು.

ಗುಂಡಪ್ಪನವರು ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ದಿವಾನರನ್ನೂ, ವಿದ್ವಾಂಸರನ್ನೂ, ಸಂಗೀತಗಾರರನ್ನೂ, ಹೆಸರಿಲ್ಲದ ಬಡ ವೈದಿಕರನ್ನೂ ಸಮಾನ ಗೌರವದಿಂದ ಚಿತ್ರಿಸಿದ್ದಾರೆ. ಹಳೆಯ ಬೆಂಗಳೂರಿನ ಕಥೆಯನ್ನು ಬರೆಯುವ ಯಾರೇ ಆಗಲಿ ಅವರಿಗೆ ಸಾಲಗಾರರು. ಆದರೆ ಅವರು ಬಸವನಗುಡಿಗೆ ಬಿಟ್ಟುಹೋದ ಆಸ್ತಿಯಲ್ಲಿ ಪುಸ್ತಕದಷ್ಟೇ ಬೆಲೆಬಾಳುವುದು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಪ್ರಜಾಪ್ರಭುತ್ವ ಬರುವುದು ಸಾಲದು, ಪ್ರಜೆ ಅದಕ್ಕೆ ಓದಿ ಸಿದ್ಧನಾಗಬೇಕು ಎಂಬುದು ಅವರ ಹಟ. ಅದಕ್ಕಾಗಿ ಪುಸ್ತಕ ಭಂಡಾರ, ಅಧ್ಯಯನ ಗೋಷ್ಠಿ. 1970ರಲ್ಲಿ ನಾಡಿನ ಜನ ಅವರನ್ನು ಸನ್ಮಾನಿಸಿ ಒಂದು ಲಕ್ಷ ರೂಪಾಯಿನ ನಿಧಿಯನ್ನು ಅರ್ಪಿಸಿದಾಗ, ತಮ್ಮ ಜೀವನವೆಲ್ಲ ಕೈಗಡದಲ್ಲಿ ನಡೆದಿದ್ದರೂ, ಅಷ್ಟನ್ನೂ ಆ ಸಂಸ್ಥೆಗೆ ಕೊಟ್ಟುಬಿಟ್ಟರು. ಐದು ವರ್ಷದ ಮೇಲೆ, 1975ರ ಅಕ್ಟೋಬರಿನಲ್ಲಿ, ಕೀರ್ತಿಶೇಷರಾದರು.

1945ನೆಯ ಇಸವಿಯನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಗೋಖಲೆ ಸಂಸ್ಥೆ ಹುಟ್ಟಿದ ಆ ವರ್ಷವೇ ನ್ಯಾಷನಲ್ ಕಾಲೇಜು ಪ್ರಾರಂಭವಾಯಿತು. ಆ ವರ್ಷವೇ ಶ್ರೀ ಬಿ. ಪಿ. ವಾಡಿಯಾ ಅವರು, ಪತ್ನಿ ಸೋಫಿಯಾ ವಾಡಿಯಾ ಅವರ ಜೊತೆಗೂಡಿ, ವಿಶ್ವಸಂಸ್ಕೃತಿ ಸಂಸ್ಥೆಯನ್ನು ಸ್ಥಾಪಿಸಿದರು. ಬೆಸೆಂಟರೊಡನೆ 1917ರಲ್ಲಿ ಬಂಧನದಲ್ಲಿದ್ದ ವಾಡಿಯಾ ಇವರೇ. 1918ರಲ್ಲಿ ಮದರಾಸಿನ ಗಿರಣಿ ಕಾರ್ಮಿಕರನ್ನು ಒಂದುಗೂಡಿಸಿ ದೇಶದ ಮೊದಲ ಕ್ರಮಬದ್ಧ ಕಾರ್ಮಿಕ ಸಂಘಗಳಲ್ಲೊಂದನ್ನು ಕಟ್ಟಿದವರೂ ಇವರೇ. ಬೊಂಬಾಯಿಯ ಪಾರಸಿ ಮನೆತನದವರು ಬಸವನಗುಡಿಗೆ ಬಂದು, ಯಾರು ಬೇಕಾದರೂ ಹಣ ಕೊಡದೆ ಕುಳಿತು ಕೇಳಬಹುದಾದ ಉಪನ್ಯಾಸ ಮಂದಿರವನ್ನೂ ದೊಡ್ಡ ಪುಸ್ತಕಾಲಯವನ್ನೂ ಕೊಟ್ಟುಹೋದರು. ಮರುವರ್ಷ, 1946ರಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲಿ ಬಿ. ಎಂ. ಶ್ರೀನಿವಾಸಯ್ಯನವರು ಇಂಜಿನಿಯರಿಂಗ್ ಕಾಲೇಜು ತೆರೆದರು. ಯುದ್ಧ ಮುಗಿಯುತ್ತಿದ್ದ, ದವಸಕ್ಕೆ ಪಡಿಚೀಟಿಯಿದ್ದ ಕಾಲದಲ್ಲಿ, ಸ್ವರಾಜ್ಯ ಇನ್ನೂ ಕೈಗೆ ಬರದಿರುವಾಗ, ಒಂದೇ ಬಡಾವಣೆಯ ಜನ ಇಷ್ಟನ್ನು ಮಾಡಿದರೆಂಬುದು ಆಲೋಚಿಸತಕ್ಕ ಮಾತು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆ ಗವಿಪುರದಲ್ಲಿತ್ತು. ಮೈಸೂರು ಸಿವಿಲ್ ಸರ್ವಿಸಿನಲ್ಲಿ ಜಿಲ್ಲಾಧಿಕಾರಿಗಳಾಗಿ, ಅಬಕಾರಿ ಕಮಿಷನರರಾಗಿ ದುಡಿದು, ತಮಗಿಂತ ಕಿರಿಯರನ್ನು ಮೇಲಿನ ಸ್ಥಾನಕ್ಕೆ ಏರಿಸಿದಾಗ 1943ರಲ್ಲಿ ರಾಜೀನಾಮೆ ಕೊಟ್ಟು ಬಂದವರು. ದೊಡ್ಡ ಹುದ್ದೆಯಿಂದ ಇಳಿದವರು ಸಾಮಾನ್ಯವಾಗಿ ಕಹಿಯಾಗುತ್ತಾರೆ. ಮಾಸ್ತಿಯವರು ‘ಜೀವನ’ ಪತ್ರಿಕೆಯನ್ನು ಕೈಗೆತ್ತಿಕೊಂಡು 1944ರಿಂದ ಇಪ್ಪತ್ತು ವರ್ಷಕ್ಕೆ ಮೀರಿ ನಡೆಸಿದರು. ಇತರರ ಪುಸ್ತಕಗಳನ್ನು ಪ್ರಕಟಿಸಿದರು. ಸಂಜೆಯಾದರೆ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದುಹೋಗಿ ಇಸ್ಪೀಟು ಆಡಿ ಹಿಂದಿರುಗುತ್ತಿದ್ದರು. ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಹುಟ್ಟಿದ್ದು 1891ರ ಜೂನ್ 6. ತೀರಿಕೊಂಡದ್ದು 1986ರ ಜೂನ್ 6.

ನಿಟ್ಟೂರು ಶ್ರೀನಿವಾಸರಾಯರನ್ನು ಬಿಡುವಂತಿಲ್ಲ. ಸತ್ಯಶೋಧನ ಪುಸ್ತಕ ಭಂಡಾರದ ಮೂಲಕ ಕನ್ನಡಕ್ಕೆ ಪ್ರಕಾಶಕರಾದವರು; ಮೈಸೂರಿನ ಮುಖ್ಯ ನ್ಯಾಯಾಧೀಶರಾದವರು; 1964ರಲ್ಲಿ ಭಾರತದ ಮೊದಲ ಕೇಂದ್ರ ಜಾಗೃತಿ ಆಯುಕ್ತರಾದವರು. 1903ರಲ್ಲಿ ಹುಟ್ಟಿ 2004ರವರೆಗೆ, ನೂರು ವರ್ಷ ಮೀರಿ ಬಾಳಿದರು. ಲಂಚಗುಳಿತನವನ್ನು ತಡೆಯುವ ದೇಶದ ಅತ್ಯುನ್ನತ ಪೀಠದಿಂದ ಇಳಿದ ಮೇಲೆಯೂ ಸಾಮಾನ್ಯ ಪೌರನಂತೆ ಬಸವನಗುಡಿಯಲ್ಲಿ ಇದ್ದರೆಂಬುದು ನಮ್ಮ ಅಧಿಕಾರಿ ವರ್ಗದ ವಾಚಕರು ಗಮನಿಸತಕ್ಕ ಅಂಶ.

ಇಂತಹವರೆಲ್ಲ ಒಬ್ಬರನ್ನೊಬ್ಬರು ಕಾಣುತ್ತಿದ್ದುದು ಎಲ್ಲಿ? ಅರಮನೆಯಲ್ಲಲ್ಲ, ಕಚೇರಿಯಲ್ಲಲ್ಲ. ಗಾಂಧಿ ಬಜಾರಿನ ತರಕಾರಿ ಅಂಗಡಿಯ ಮುಂದೆ, ಬ್ಯೂಗಲ್ ರಾಕಿನ ಬಂಡೆಗಳ ಮೇಲೆ, 1943ರಲ್ಲಿ ತೆರೆದ ವಿದ್ಯಾರ್ಥಿ ಭವನದ ದೋಸೆಯ ಮೇಜಿನಲ್ಲಿ. ಬ್ಯೂಗಲ್ ರಾಕಿನ ಶಿಲೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ಮೇಲೆ ಕುಳಿತು ನಾಳೆಯ ಪತ್ರಿಕೆಗೆ ಏನು ಬರೆಯಬೇಕೆಂದು ಚರ್ಚಿಸುವುದರಲ್ಲಿ ಒಂದು ಸೊಗಸಿದೆ. ನಡೆದು ಹೋಗಬಹುದಾದ ದೂರ, ನೆರಳಿರುವ ಕಾಲುದಾರಿ, ಕುಳಿತುಕೊಳ್ಳಲು ಒಂದು ಕಟ್ಟೆ: ಈ ಮೂರು ಇಲ್ಲದಿದ್ದರೆ ಗೋಷ್ಠಿಗಳು ಹುಟ್ಟುತ್ತಿರಲಿಲ್ಲ. ಪ್ಲೇಗಿಗೆ ಹೆದರಿ ಹಾಕಿದ ನಕ್ಷೆಯ ನಿಜವಾದ ಲಾಭ ಇದೇ ಆಯಿತು. ನಕ್ಷೆ ಹಾಕಿದವರು ಇದನ್ನು ಲೆಕ್ಕ ಹಾಕಿರಲಿಲ್ಲ.

ಈಗಿನ ಸ್ಥಿತಿಗೆ ಬರೋಣ. 2017ರಲ್ಲಿ ಮೆಟ್ರೋ ರೈಲು ಬಂದು ನ್ಯಾಷನಲ್ ಕಾಲೇಜಿನ ಹೆಸರಿನಲ್ಲಿಯೇ ಒಂದು ನಿಲ್ದಾಣವಾಯಿತು. ರೈಲು ಬಂದದ್ದು ಒಳ್ಳೆಯದೇ. ನಾವು ಹಳೆಯದನ್ನೆಲ್ಲ ತಬ್ಬಿ ಅಳುವವರಲ್ಲ. ಆದರೆ ನೆಲದ ಬೆಲೆ ಏರಿದಂತೆಲ್ಲ ಹೆಂಚಿನ ಮನೆ ಬಿದ್ದು ಮಹಡಿಯ ಮೇಲೆ ಮಹಡಿ ಏಳುತ್ತದೆ. ಮನೆಯವರನ್ನು ದೂಷಿಸಲು ನಮಗೆ ಮನಸ್ಸಿಲ್ಲ. ನಾಲ್ಕು ಮಂದಿ ಮಕ್ಕಳಿಗೆ ಒಂದು ಹಳೆಯ ಮನೆ ಪಾಲಾಗಬೇಕಾದರೆ ಅದು ಬೀಳಲೇಬೇಕು. ಹಳೆಯ ಮನೆಯನ್ನು ಉಳಿಸಿಕೊಂಡವನಿಗೆ ಕಂದಾಯದಲ್ಲಿ ಎದ್ದು ಕಾಣುವಂತಹ ರಿಯಾಯಿತಿ ಉಂಟೆ? ಮರದ ತೊಲೆ ರಿಪೇರಿ ಮಾಡಲು ಸುಲಭ ಸಾಲವುಂಟೆ? ಇಲ್ಲದೆ ಇದ್ದರೆ, ಪಾರಂಪರಿಕ ಕಟ್ಟಡವೆಂದು ಪಟ್ಟಿಯಲ್ಲಿ ಬರೆದು ಬಿಲ್ಲೆ ಅಂಟಿಸುವುದು ಮನೆಯವನಿಗೆ ದಂಡ ವಿಧಿಸಿದಂತೆಯೇ ಆದೀತು. ಮಾಸ್ತಿಯವರ ಮನೆ ಒಂದು ಉಳಿದುಕೊಂಡು ಅವರ ನೆನಪಿನ ವಸ್ತುಸಂಗ್ರಹಾಲಯವಾಗಿದೆಯೆಂದರೆ ಅದಕ್ಕೆ ಕುಟುಂಬದವರ ಮತ್ತು ಅಭಿಮಾನಿಗಳ ತ್ಯಾಗ ಕಾರಣ, ಶಾಸನವಲ್ಲ.

ಸಾರ್ವಜನಿಕ ಆಸ್ತಿಯ ವಿಷಯ ಬೇರೆ. ಕನ್ಸರ್ವೆನ್ಸಿ ಓಣಿಗಳು ಯಾರ ಸ್ವಂತವೂ ಅಲ್ಲ. ನೆಲದಡಿಯ ಕೊಳವೆ ಬಂದ ಮೇಲೆ, ತಲೆಯ ಮೇಲೆ ಮಲ ಹೊರುವ ಪಾಪ ಆ ಓಣಿಗಳಿಂದ ತೊಲಗಿತು. ಆದರೆ ಓಣಿಯೂ ಅದರೊಂದಿಗೇ ತೊಲಗುತ್ತಿದೆ: ಎಷ್ಟೋ ಕಡೆ ಒಬ್ಬರು ಷೆಡ್ಡು ಹಾಕಿದರೆ, ಇನ್ನೊಬ್ಬರು ಗೋಡೆ ಮುಂದೊತ್ತಿ ಕಟ್ಟುತ್ತಾರೆ, ಉಳಿದದ್ದು ಕಸದ ಕುಪ್ಪೆ. ಆ ಓ­ಣಿಗಳನ್ನು ತೆರವು ಮಾಡಿ ಕಲ್ಲು ಹಾಸಿದರೆ, ಶಾಲೆಯ ಮಕ್ಕಳೂ ಮುದುಕರೂ ವಾಹನದ ಭಯವಿಲ್ಲದೆ ಮನೆಯಿಂದ ಆಶ್ರಮಕ್ಕೆ, ಆಶ್ರಮದಿಂದ ಬಜಾರಿಗೆ ನಡೆದುಹೋಗಬಹುದು. ಇದಕ್ಕೆ ಕೋಟಿ ರೂಪಾಯಿನ ಯೋಜನೆ ಬೇಕಿಲ್ಲ. 1898ರ ನಕ್ಷೆಯನ್ನು ಬಿಚ್ಚಿ ಅಳತೆಪಟ್ಟಿ ಹಿಡಿಯುವ ಒಬ್ಬ ದೃಢಚಿತ್ತನಾದ ಸರ್ವೆಯರು ಸಾಕು. ಬಸವನಗುಡಿಯಲ್ಲಿ ಸರ್ವೆಯರ್ ಬೀದಿ ಎಂದೇ ಒಂದು ಬೀದಿ ಇದೆ. ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.

ಕೊನೆಯದಾಗಿ ಹೊಳೆ. ಬಸವನ ಪಾದದಲ್ಲಿ ಹುಟ್ಟಿದ ವೃಷಭಾವತಿ ಈಗ ಹುಟ್ಟಿದ ಸ್ಥಳದಲ್ಲಿ ಕಣ್ಣಿಗೆ ಕಾಣುವುದಿಲ್ಲ. ಕೆಲವು ಮೈಲಿಗಳ ಆಚೆ ಮೈಸೂರು ರಸ್ತೆಯ ಪಕ್ಕದಲ್ಲಿ, ಮೂಗು ಮುಚ್ಚಿಕೊಳ್ಳುವ ಪ್ರಯಾಣಿಕರಿಗೆ ಕಾಣುತ್ತದೆ. ಬಚ್ಚಲು ಮತ್ತು ಕಾರ್ಖಾನೆಗಳ ನೀರನ್ನು ಹೊತ್ತು ಅದು ಬೈರಮಂಗಲದ ಕೆರೆಗೆ ಹೋಗಿ ಬೀಳುತ್ತದೆ. ಅಲ್ಲಿಯ ರೈತರು ಆ ನೀರಿನಲ್ಲಿಯೇ ಬೆಳೆ ತೆಗೆಯಬೇಕು. ಒಂದು ಕಾಲದಲ್ಲಿ ತನ್ನ ಮಲವನ್ನು ಹಿತ್ತಿಲ ಓಣಿಯವರ ತಲೆಯ ಮೇಲೆ ಹೊರಿಸಿದ ನಗರವು ಈಗ ಅದನ್ನು ಬೈರಮಂಗಲದವರ ಹೊಲದ ಮೇಲೆ ಹೊರಿಸಿದೆ. ಪರಿಷೆಯ ದಿನ ಹಳ್ಳಿಯವರು ಮಾತ್ರ ತಪ್ಪದೆ ಬರುತ್ತಾರೆ. ಬುಲ್ ಟೆಂಪಲ್ ರಸ್ತೆಯ ಎರಡು ಪಕ್ಕದಲ್ಲಿಯೂ ಕಡಲೆಕಾಯಿಯ ರಾಶಿ ಹಾಕಿಕೊಂಡು, ಚಳಿಗೆ ಕಂಬಳಿ ಹೊದ್ದು, ರಾತ್ರಿಯೆಲ್ಲ ಅಲ್ಲಿಯೇ ಕುಳಿತಿರುತ್ತಾರೆ.